ರೇಟು ಹಾಕುವ ರಾತ್ರಿ

ಸುಟ್ಟ ಮೋಟಾರು ಬಿಚ್ಚಿದಾಗ ಬರುವ ವಾಸನೆಯೇ ಬೇರೆ. ಬೋರಿನ ಕೆಸರುನೀರು, ಕರಗಿದ ಪ್ಲಾಸ್ಟಿಕ್ಕು, ತಾಮ್ರದ ಕಿಲುಬು ಮೂರೂ ಒಟ್ಟಿಗೆ ಮೂಗಿಗೆ ಅಡರುತ್ತವೆ. ತುಮಕೂರು ಜಿಲ್ಲೆಯ ಒಂದು ಪುರಸಭೆ ಪಟ್ಟಣ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ವೆಲ್ಡಿಂಗ್ ಶಾಪು, ಪಂಚರ್ ಅಂಗಡಿ, ಕೊಬ್ಬರಿ ಮಂಡಿ ದಾಟಿದರೆ ಈ ರಿವೈಂಡಿಂಗ್ ಅಂಗಡಿ ಸಿಗುತ್ತದೆ. ಕೂರಲು ನಿಮಗೊಂದು ಸ್ಟೂಲು ಕೊಟ್ಟಿದ್ದಾರೆ. ಎದುರಿಗೆ ಏಳೂವರೆ ಎಚ್‌ಪಿಯ ಸಬ್‌ಮರ್ಸಿಬಲ್ ಮೋಟಾರು ಹೊಟ್ಟೆ ತೆರೆದುಕೊಂಡು ಬಿದ್ದಿದೆ. ಹುಡುಗನೊಬ್ಬ ಅದರ ಸ್ಲಾಟುಗಳಿಂದ ಕರಕಲಾದ ವೈರನ್ನು ಕಟಿಂಗ್ ಪ್ಲೇಯರಿನಲ್ಲಿ ಹಿಡಿದೆಳೆದು ಪಕ್ಕದ ಗೋಣಿಚೀಲಕ್ಕೆ ಹಾಕುತ್ತಿದ್ದಾನೆ. ಆ ಚೀಲದ ಮೇಲೆ ಸ್ವಲ್ಪ ಕಣ್ಣಿರಲಿ. ಇವತ್ತು ಇಲ್ಲಿ ನಡೆಯುವ ಲೆಕ್ಕದಲ್ಲಿ ಅರ್ಧ ಅದರೊಳಗಿದೆ.

ಯಜಮಾನರು ಕನ್ನಡಕವನ್ನು ಮೂಗಿಗೇರಿಸಿ ಒಂದು ಕಟ್ಟು ಕಾಗದ ಓದುತ್ತಿದ್ದಾರೆ. ಪುರಸಭೆಯ ಟೆಂಡರು. ಹೊಸ ಆರ್ಥಿಕ ವರ್ಷಕ್ಕೆ ಪುರಸಭಾ ವ್ಯಾಪ್ತಿಯ ಕುಡಿಯುವ ನೀರಿನ ಕೊಳವೆಬಾವಿಗಳ ಪಂಪು ಮೋಟಾರು ದುರಸ್ತಿ ಮತ್ತು ಎತ್ತಿ ಇಳಿಸುವ ಕೆಲಸ. ಅಂದಾಜು ಮೊತ್ತ 10 ಲಕ್ಷ ರೂಪಾಯಿ. ರಸ್ತೆ ಕಾಂಟ್ರ್ಯಾಕ್ಟರುಗಳು ಇಂಥದ್ದನ್ನು ತಿರುಗಿಯೂ ನೋಡುವುದಿಲ್ಲ. ಇಪ್ಪತ್ತು ವರ್ಷದಿಂದ ರೈತರ ಮೋಟಾರು ಕಟ್ಟಿಕೊಂಡು ಬಂದ ಅಂಗಡಿಗೆ ಇದು ದೊಡ್ಡ ಕೆಲಸ.

"ಎಲ್ಲಾರೂ ಮೊದ್ಲು ರೇಟಿನ ಶೀಟು ನೋಡ್ತಾರೆ ಸಾರ್. ನಾನು ಷರತ್ತು ನೋಡ್ತೀನಿ," ಎನ್ನುತ್ತಾ ಯಜಮಾನರು ಒಂದು ಪುಟ ಮಡಚಿ ನಿಮ್ಮ ಕೈಗೆ ಕೊಡುತ್ತಾರೆ. ಪೆನ್ನಿನಲ್ಲಿ ಗೆರೆ ಎಳೆದ ಸಾಲು ಹೀಗಿದೆ: ಹಳೆಯ ವೈಂಡಿಂಗ್ ವೈರು ಮತ್ತು ನಿರುಪಯುಕ್ತ ಬಿಡಿಭಾಗಗಳನ್ನು ತೂಕ ಮಾಡಿಸಿ ಕಚೇರಿಯ ಉಗ್ರಾಣಕ್ಕೆ ಒಪ್ಪಿಸತಕ್ಕದ್ದು.

ರೈತ ಮೋಟಾರು ತಂದರೆ ಹಳೇ ತಾಮ್ರ ಅಂಗಡಿಗೇ ಉಳಿಯುತ್ತದೆ. ಅದನ್ನು ಗುಜರಿಗೆ ಹಾಕಿದ ದುಡ್ಡನ್ನು ಲೆಕ್ಕಕ್ಕೆ ಹಿಡಿದೇ ರಿವೈಂಡಿಂಗ್ ರೇಟು ಹೇಳುವುದು ಈ ಕಸುಬಿನ ವಾಡಿಕೆ. ಪುರಸಭೆಯ ಮೋಟಾರಿನಲ್ಲಿ ಆ ತಾಮ್ರ ವಾಪಸ್ಸು ಹೋಗಬೇಕು. ಅಂದಮೇಲೆ ಬೀದಿಯ ರೇಟನ್ನೇ ತಂದು ಟೆಂಡರಿಗೆ ಬರೆದವನು ಪ್ರತಿ ಮೋಟಾರಿಗೂ ಕೈಯಿಂದ ಕಟ್ಟುತ್ತಾನೆ. ಇಲ್ಲವೇ ತಾಮ್ರ ಕದಿಯುತ್ತಾನೆ. ಎರಡೂ ಆಗಿರುವುದನ್ನು ಈ ರಸ್ತೆ ಕಂಡಿದೆ.

ಒಳಗಿನಿಂದ ಮಗಳು ಲ್ಯಾಪ್‌ಟಾಪ್ ಹಿಡಿದು ಬರುತ್ತಾಳೆ. ಬಿ.ಕಾಂ. ಮುಗಿಸಿ ಊರಿನ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಾಳೆ. ಸಂಜೆ ಹೊತ್ತು ಅಂಗಡಿಯ ಕಾಗದಪತ್ರ ಅವಳದು. "ಅಪ್ಪಾ, ಆ ಆರ್‌ಟಿಐ ಫೈಲ್ ಎಲ್ಲಿಟ್ಟೆ?"

ಈ ಫೈಲನ್ನು ನಿಧಾನವಾಗಿ ನೋಡಿ. ಆರು ತಿಂಗಳ ಹಿಂದೆಯೇ, ಟೆಂಡರಿನ ಸುದ್ದಿಯೇ ಇಲ್ಲದಾಗ, ಯಜಮಾನರು 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದರು. ಕೇಳಿದ್ದು ಹಿಂದಿನ ವರ್ಷದ ದರಗಳ ತುಲನಾತ್ಮಕ ಪಟ್ಟಿ, ಕಾರ್ಯಾದೇಶ, ಪಾವತಿಯಾದ ಬಿಲ್ಲುಗಳ ನಕಲು. ಉತ್ತರಕ್ಕೆ ಕಾಯ್ದೆ ಕೊಡುವ ಗಡುವೇ 30 ದಿನ. ಟೆಂಡರು ಕರೆದ ಮೇಲೆ ಅರ್ಜಿ ಹಾಕಿದರೆ ಉತ್ತರ ಕೈಗೆ ಬರುವಷ್ಟರಲ್ಲಿ ಕೊನೇ ದಿನ ಕಳೆದುಹೋಗಿರುತ್ತದೆ. ಅರ್ಜಿ ಹಾಕುವವರೆಲ್ಲ ಜಗಳಗಂಟರು ಎಂದು ಕಚೇರಿಯಲ್ಲಿ ಮುಖ ಸಿಂಡರಿಸುವವರಿದ್ದಾರೆ, ನಿಜ. ಆದರೆ ವ್ಯಾಪಾರಕ್ಕೆ ಮೊದಲು ಮಾರುಕಟ್ಟೆ ವಿಚಾರಿಸುವುದರಲ್ಲಿ ಜಗಳವೇನು ಬಂತು?

ಬಿಲ್ಲಿನ ನಕಲುಗಳನ್ನು ಮಗಳು ನೆಲದ ಮೇಲೆ ಹರಡುತ್ತಾಳೆ. ಟೆಂಡರಿನ ರೇಟು ಶೀಟಿನಲ್ಲಿ 5 ಎಚ್‌ಪಿಯಿಂದ 20 ಎಚ್‌ಪಿವರೆಗೆ ಪ್ರತಿಯೊಂದಕ್ಕೂ ಒಂದು ಸಾಲು, ಅದರ ಮುಂದೆ ಅಂದಾಜು ಸಂಖ್ಯೆ. ಹೋದ ವರ್ಷದ ಬಿಲ್ಲಿನಲ್ಲಿ ನಿಜಕ್ಕೂ ದುರಸ್ತಿಗೆ ಬಂದವು ಬೇರೆ. ಏಳೂವರೆ ಮತ್ತು ಹತ್ತು ಎಚ್‌ಪಿಯವೇ ಹೆಚ್ಚು. ಇಪ್ಪತ್ತು ಎಚ್‌ಪಿಯವು ಬಂದೇ ಇಲ್ಲ ಎನ್ನುವಷ್ಟು ಕಮ್ಮಿ. ಎತ್ತಿ ಇಳಿಸುವ ಕೆಲಸ ಮಾತ್ರ ಅಂದಾಜಿನ ಎರಡರಷ್ಟಾಗಿದೆ. ಮೋಟಾರು ಸುಡದಿದ್ದರೂ ಕೇಬಲ್ ಜಾಯಿಂಟು ಹೋದರೆ, ಪೈಪಿನ ಕಪ್ಲಿಂಗ್ ತೂತಾದರೆ, ಇಡೀ ಸೆಟ್ಟನ್ನು ಮೇಲೆತ್ತಲೇಬೇಕಲ್ಲ.

ಗೆಲ್ಲುವವನನ್ನು ಆರಿಸುವುದು ಟೆಂಡರಿನ ಅಂದಾಜು ಸಂಖ್ಯೆಗೆ ರೇಟು ಗುಣಿಸಿ ಬಂದ ಒಟ್ಟು ಮೊತ್ತದ ಮೇಲೆ. ದುಡ್ಡು ಕೊಡುವುದು ನಿಜವಾಗಿ ನಡೆದ ಕೆಲಸಕ್ಕೆ. ಈ ಎರಡರ ನಡುವಿನ ಸಂದಿಯಲ್ಲಿ ಸಣ್ಣ ಅಂಗಡಿಯ ಜಾಣತನ ಇರುತ್ತದೆ.

"ಇಪ್ಪತ್ತು ಎಚ್‌ಪಿಗೆ ಲಾಭ ಹಿಡೀಬ್ಯಾಡ. ಅಸಲು ಹಾಕು. ಎತ್ತಿಳ್ಸಕ್ಕೆ ಪೂರ್ತಿ ರೇಟು ಇರ್ಲಿ."

"ಒಂದೇ ವರ್ಷದಲ್ಲಿ ನಾಕು ಇಪ್ಪತ್ತು ಎಚ್‌ಪಿ ಸುಟ್ಟೋದ್ರೆ?"

"ಅದಕ್ಕೇ ಅಸಲು ಅಂದಿದ್ದು. ಅಸಲಿಗಿಂತ ಕೆಳಕ್ಕೆ ಹೋಗು ಅಂದ್ನಾ?"

ಆ ಗೆರೆ ಮುಖ್ಯ. ಯಾವ ಸಾಲಿನ ರೇಟಿಗೂ ಕೆಲಸ ಮಾಡಿಕೊಡಲು ಆಗುವಂತಿರಬೇಕು. ಕಚೇರಿ ದರ ವಿಶ್ಲೇಷಣೆ ಕೇಳಿದರೆ ಕೂತು ವಿವರಿಸಲು ಬರಬೇಕು. ಒಂದು ಸಾಲಿಗೆ ಒಂದು ರೂಪಾಯಿ ಬರೆದು ಇನ್ನೊಂದಕ್ಕೆ ಮೂರರಷ್ಟು ಬರೆದರೆ ಅದನ್ನು ಜಾಣತನ ಎನ್ನಲು ನಾನಂತೂ ತಯಾರಿಲ್ಲ.

ಈಗ ಅರ್ಹತೆಯ ಪುಟ. ಹೊಸಬರು ಮುಗ್ಗರಿಸುವುದು ಹೆಚ್ಚಾಗಿ ಇಲ್ಲೇ. ಕಳೆದ ಐದು ವರ್ಷಗಳಲ್ಲಿ ಸರ್ಕಾರಿ ಇಲಾಖೆ ಅಥವಾ ಸ್ಥಳೀಯ ಸಂಸ್ಥೆಯಲ್ಲಿ ಇದೇ ಬಗೆಯ ಕೆಲಸ ಮಾಡಿರಬೇಕು ಎಂದಿದೆ. ಕೆಲಸ ಕೊಟ್ಟರೆ ಅನುಭವ, ಅನುಭವ ಇದ್ದರೆ ಕೆಲಸ. ಈ ಅಂಗಡಿ ಒಳಗೆ ಬಂದ ದಾರಿ ಗ್ರಾಮ ಪಂಚಾಯಿತಿ. ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ. ಎಲ್ಲಕ್ಕೂ ಬೋರುಗಳಿವೆ, ಎಲ್ಲ ಬೋರುಗಳೂ ಒಂದಲ್ಲ ಒಂದು ದಿನ ಕೆಡುತ್ತವೆ. ಟೆಂಡರಿನ ಮಿತಿಗಿಂತ ಕೆಳಗಿನ ಸಣ್ಣ ಮೊತ್ತಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಕೊಟೇಶನ್ ಕೇಳುತ್ತಾರೆ. ಹಾಗೆ ಮಾಡಿದ ಒಂದೊಂದು ಮೋಟಾರಿಗೂ ಯಜಮಾನರು ಕಾರ್ಯಾದೇಶ ಕೇಳಿ ಪಡೆದಿದ್ದಾರೆ, ಬಿಲ್ಲಿನ ನಕಲು ಇಟ್ಟಿದ್ದಾರೆ, ವರ್ಷಕ್ಕೊಮ್ಮೆ ಪಿಡಿಒ ಸಹಿಯ ಪ್ರಮಾಣಪತ್ರ ಮಾಡಿಸಿಕೊಂಡಿದ್ದಾರೆ. ಬಾಯಿಮಾತಿನಲ್ಲಿ ಮಾಡಿದ ಕೆಲಸ ಎಷ್ಟಿದ್ದರೂ ಟೆಂಡರಿನ ಮುಂದೆ ಸೊನ್ನೆ.

ಅಷ್ಟು ಸಾಲದೆಂದು ಇನ್ನೊಂದು ಕೆಲಸವನ್ನೂ ಮಾಡಿದ್ದಾರೆ. ಗ್ರಾಮ ಪಂಚಾಯಿತಿಯ ಅನುಭವವನ್ನು ಸ್ಥಳೀಯ ಸಂಸ್ಥೆಯ ಅನುಭವವೆಂದು ಪರಿಗಣಿಸುತ್ತೀರಾ ಎಂದು ಮುಖ್ಯಾಧಿಕಾರಿಗೆ ಬರವಣಿಗೆಯಲ್ಲಿ ಕೇಳಿದ್ದಾರೆ. ಟೆಂಡರಿನ ಸ್ಪಷ್ಟೀಕರಣಕ್ಕೆ ಕೊಟ್ಟಿದ್ದ ದಿನದೊಳಗೇ ಕೇಳಿದ್ದಾರೆ. ಪರಿಗಣಿಸಲಾಗುವುದು ಎಂಬ ಒಂದು ಸಾಲಿನ ಉತ್ತರ ಬಂದಿದೆ. ಮಗಳು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಬೇರೆಯೇ ಇಟ್ಟಿದ್ದಾಳೆ.

"ಉದ್ಯಮ್ ಸರ್ಟಿಫಿಕೇಟ್ ಇದ್ರೆ ಇಎಂಡಿ ಕಟ್ಟಂಗಿಲ್ವಂತಲ್ಲಣ್ಣಾ?" ವೈರು ಎಳೆಯುತ್ತಲೇ ಹುಡುಗ ಕೇಳುತ್ತಾನೆ. ವಾಟ್ಸ್ಯಾಪ್‌ನಲ್ಲಿ ಓಡಾಡುವ ಮಾತು ಇದು, ಪೂರ್ತಿ ಸುಳ್ಳೂ ಅಲ್ಲ. ಇಎಂಡಿ ಎಂದರೆ ಟೆಂಡರಿನ ಜತೆ ಇಡುವ ಠೇವಣಿ, ಉದ್ಯಮ್ ಎಂದರೆ ಸಣ್ಣ ಉದ್ದಿಮೆಯ ನೋಂದಣಿ. ಕೇಂದ್ರ ಸರ್ಕಾರದ 2012ರ ಸಾರ್ವಜನಿಕ ಖರೀದಿ ನೀತಿಯಂತೆ ಕೇಂದ್ರದ ಇಲಾಖೆಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ತಮ್ಮ ಖರೀದಿಯಲ್ಲಿ ಶೇ 25ರಷ್ಟನ್ನು ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು. ಅದರೊಳಗೆ ಪರಿಶಿಷ್ಟರ ಉದ್ದಿಮೆಗೆ ಶೇ 4, ಮಹಿಳೆಯರದಕ್ಕೆ ಶೇ 3. ಅಲ್ಲಿ ಇಎಂಡಿ ವಿನಾಯಿತಿ ಉಂಟು. ಕನಿಷ್ಠ ರೇಟಿಗಿಂತ ಶೇ 15ರ ಒಳಗಿದ್ದವರಿಗೆ ಆ ರೇಟಿಗೆ ಇಳಿದು ಪಾಲು ಪಡೆಯುವ ಅವಕಾಶವೂ ಉಂಟು. ಪುರಸಭೆಯ ಟೆಂಡರು ನಡೆಯುವುದು ರಾಜ್ಯದ 1999ರ ಪಾರದರ್ಶಕತಾ ಕಾಯ್ದೆಯ ಕೆಳಗೆ. ಕಚೇರಿಯ ಬಾಯಲ್ಲಿ ಅದು ಕೆಟಿಪಿಪಿ. ಇಲ್ಲಿ ವಿನಾಯಿತಿ ಬೇಕಾದರೆ ಈ ಟೆಂಡರಿನ ಷರತ್ತಿನಲ್ಲೇ ಅದು ಬರೆದಿರಬೇಕು. ಬರೆದಿಲ್ಲ. 25 ಸಾವಿರ ರೂಪಾಯಿ ಕಟ್ಟಲೇಬೇಕು.

ಮೀಸಲಾತಿಯ ಮಾತೂ ಬರುತ್ತದೆ. ಸಿವಿಲ್ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪಂಗಡದವರಿಗೆ ಶೇ 6.95 ಎಂದು ಕಾಯ್ದೆಗೇ ತಿದ್ದುಪಡಿ ಬಂತು. ಮೊದಲು 50 ಲಕ್ಷದವರೆಗಿನ ಕಾಮಗಾರಿಗೆ ಇದ್ದದ್ದು 2023ರಲ್ಲಿ 1 ಕೋಟಿಗೆ ಏರಿತು. ಎರಡನ್ನೂ ಕೂಡಿದರೆ 24.10. ಪುರಸಭೆಯ ಬಜೆಟ್ ಪುಸ್ತಕ ತೆರೆದವರಿಗೆ ಆ ಸಂಖ್ಯೆಯ ಗುರುತಿದೆ. ಸ್ವಂತ ಹೆಸರಿನಲ್ಲಿ ಸ್ವಂತ ಕೆಲಸ ಮಾಡುವ ಹುಡುಗರಿಗೆ ಇದು ದೊಡ್ಡ ಬಾಗಿಲು. ಅವರ ಲೈಸೆನ್ಸನ್ನು ಬಾಡಿಗೆಗೆ ಹಿಡಿದು ಒಳಗೆ ನುಗ್ಗುವವರೂ ಇದ್ದಾರೆ. ಆ ಕಥೆ ಇನ್ನೊಂದು ದಿನಕ್ಕಿರಲಿ.

ಮಗಳು ಸಿಎ ಕೊಟ್ಟ ವಹಿವಾಟು ಪ್ರಮಾಣಪತ್ರದ ಅಡಿಯಲ್ಲಿ ಬೆರಳಿಟ್ಟು ಒಂದು ಸಂಖ್ಯೆ ಓದುತ್ತಾಳೆ. ಯುಡಿಐಎನ್. 2019ರಿಂದ ಆ ಸಂಖ್ಯೆ ಇಲ್ಲದ ಸಿಎ ಪ್ರಮಾಣಪತ್ರಕ್ಕೆ ಬೆಲೆ ಇಲ್ಲ. ವಿದ್ಯುತ್ ಗುತ್ತಿಗೆದಾರರ ಪರವಾನಗಿಯ ಅವಧಿ ನೋಡುತ್ತಾಳೆ. ಪ್ಯಾನ್, ಜಿಎಸ್‌ಟಿ, ಛಾಪಾ ಕಾಗದದ ಅಫಿಡವಿಟ್ಟು. ಎಲ್ಲ ಪುಟಕ್ಕೂ ಸಹಿ, ಎಲ್ಲ ಸಹಿಗೂ ಸೀಲು.

ಅಷ್ಟರಲ್ಲಿ ಯಜಮಾನರ ಫೋನು ಬಡಿದುಕೊಳ್ಳುತ್ತದೆ. ಹೆಸರು ನೋಡಿ ಅವರು ಎದ್ದು ಬಾಗಿಲಿಗೆ ಹೋಗುತ್ತಾರೆ. ಆ ಕಡೆಯ ದನಿ ನಿಮಗೂ ಕೇಳಿಸುತ್ತದೆ. ಮೇಲುದನಿಯೇನಲ್ಲ, ನೆಂಟರ ಮನೆಯಿಂದ ಮಾತಾಡಿದ ಹಾಗಿದೆ. "ಈ ಸಲ ನಮ್ಗೆ ಬಿಟ್‌ಬುಡಣ್ಣ. ನೀನೂ ಹಾಕು, ಸಪೋರ್ಟಿಂಗ್ ಹಾಕು. ಮುಂದಿನ್ ಸಲ ನಿಂದೇ."

ಸಪೋರ್ಟಿಂಗ್ ಎಂದರೆ ಸೋಲಲೆಂದೇ ಹಾಕುವ ಟೆಂಡರು. ಮೂರು ಜನ ಸ್ಪರ್ಧಿಸಿದಂತೆ ಕಾಗದದಲ್ಲಿ ಕಾಣಬೇಕು, ಗೆಲ್ಲುವವನು ಮೊದಲೇ ಗೊತ್ತಿರಬೇಕು. 2002ರ ಸ್ಪರ್ಧಾ ಕಾಯ್ದೆ ಇದನ್ನು ಹೆಸರಿಟ್ಟೇ ನಿಷೇಧಿಸಿದೆ. ಕಾಯ್ದೆಗಿಂತ ಹೆಚ್ಚು ಕೆಲಸ ಮಾಡಿದ್ದು ಕಂಪ್ಯೂಟರು ಅನ್ನಬೇಕು. ಪೆಟ್ಟಿಗೆಗೆ ಲಕೋಟೆ ಹಾಕುತ್ತಿದ್ದ ಕಾಲದಲ್ಲಿ ಕಚೇರಿ ಗೇಟಿನಲ್ಲೇ ನಾಲ್ಕು ಜನ ನಿಂತಿರುತ್ತಿದ್ದರು, ಫಾರಂ ಕೊಂಡವನು ಯಾರೆಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಇ-ಪ್ರೊಕ್ಯೂರ್‌ಮೆಂಟ್ ಬಂದ ಮೇಲೆ ಯಾರು ಹಾಕಿದ್ದಾರೆ ಎಂಬುದು ತೆರೆಯುವ ತನಕ ಕಾಣುವುದಿಲ್ಲ. ಹಾಗಂತ ಆ ಪೋರ್ಟಲ್ಲೇನೂ ದೇವರ ಪೆಟ್ಟಿಗೆ ಅಲ್ಲ. 2019ರಲ್ಲಿ ಅದಕ್ಕೆ ಕನ್ನ ಹಾಕಿ ಇಎಂಡಿ ಖಾತೆಯಿಂದ 11 ಕೋಟಿಗೂ ಹೆಚ್ಚು ಹಣ ಎತ್ತಿದ ಪ್ರಕರಣ ಸಿಐಡಿವರೆಗೆ ಹೋಯಿತು. ಈಗಿನದು ಕೆಪಿಪಿಪಿ ಎಂಬ ಹೊಸ ಪೋರ್ಟಲ್.

"ಯೋಚ್ನೆ ಮಾಡ್ತೀನಿ ಕಣಪ್ಪ," ಎಂದು ಯಜಮಾನರು ಫೋನು ಇಡುತ್ತಾರೆ. ಒಳಗೆ ಬಂದು ಮಗಳಿಗೆ, "ನಾಳೆ ತಂಕ ಕಾಯೋದು ಬ್ಯಾಡ. ಇವತ್ತೇ ಹಾಕ್ಬುಡಣ."

ಅಂಗಡಿಯ ಷಟರು ಅರ್ಧ ಇಳಿದಿದೆ. ಟ್ಯೂಬ್‌ಲೈಟಿನ ಕೆಳಗೆ ಟೇಬಲ್ಲಿನ ಮೇಲಿದ್ದ ಬುಷ್ಷು, ಬೇರಿಂಗುಗಳನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿದ್ದಾರೆ. ಲೆಕ್ಕ ಶುರುವಾಗುತ್ತದೆ.

ಹತ್ತು ಎಚ್‌ಪಿ ಮೋಟಾರಿಗೆ ಎಷ್ಟು ಕೆ.ಜಿ. ವೈಂಡಿಂಗ್ ವೈರು ಹೋಗುತ್ತದೆ ಎಂಬುದು ಯಜಮಾನರಿಗೆ ಬಾಯಿಪಾಠ. ಆದರೆ ಇವತ್ತಿನ ತಾಮ್ರದ ರೇಟು ಹಾಕುವಂತಿಲ್ಲ. ಒಪ್ಪಂದ ಇಡೀ ವರ್ಷದ್ದು, ನಡುವೆ ತಾಮ್ರ ಏರಿದರೆ ರೇಟು ಏರಿಸುವ ಷರತ್ತು ಇಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯ ವ್ಯಾಪಾರಿಗೆ ಫೋನು ಮಾಡಿ ಹಿಂದಿನ ಎರಡು ವರ್ಷ ರೇಟು ಹೇಗೆ ಹತ್ತಿ ಇಳಿಯಿತೆಂದು ಕೇಳಿಕೊಂಡಿದ್ದಾರೆ, ಅದರಲ್ಲಿ ಮೇಲಿನದನ್ನು ಹಿಡಿಯುತ್ತಾರೆ. ಆಮೇಲೆ ಬುಷ್ಷು, ಥ್ರಸ್ಟ್ ಬೇರಿಂಗು, ಆಯಿಲ್ ಸೀಲು, ಹುಡುಗನ ಕೂಲಿ. ಎತ್ತಿ ಇಳಿಸುವ ಗಾಡಿಯ ಬಾಡಿಗೆ, ಡೀಸೆಲ್ಲು, ರಾತ್ರಿ ಹೊತ್ತಾದರೆ ಇಬ್ಬರು ಹೆಚ್ಚಿನ ಆಳು.

"ಜಿಎಸ್‌ಟಿ?"

"ಸೇರ್ಸಿ ಅಂತ ಬರ್ದವ್ರೆ ನೋಡು. ಎಲ್ಲಾ ಸೇರಿ ಅಂತ."

ಈ ಎರಡಕ್ಷರದಲ್ಲಿ ಮುಳುಗಿದ ಅಂಗಡಿಗಳಿಗೆ ಲೆಕ್ಕವಿಲ್ಲ. ದುರಸ್ತಿಗೆ ಶೇ 18 ತೆರಿಗೆ. ಬರೆದ ರೇಟಿನ ಒಳಗಿಂದಲೇ ಅದನ್ನು ಕಟ್ಟಬೇಕಾದಾಗ, ಲಾಭ ಎಂದುಕೊಂಡದ್ದು ಪೂರ್ತಿ ತೆರಿಗೆಗೇ ಹೋಗುತ್ತದೆ. ಮಗಳು ತೆರಿಗೆ ಸೇರಿಸಿ ಕಾಲಂ ಮತ್ತೆ ತುಂಬುತ್ತಾಳೆ.

ಆಮೇಲೆ ಯಾರ ಶೀಟಿನಲ್ಲೂ ಕಾಣದ ಖರ್ಚು. ಇಎಂಡಿ 25 ಸಾವಿರ ಸಿಕ್ಕಿಬೀಳುತ್ತದೆ. ಗೆದ್ದರೆ ಶೇ 5ರಷ್ಟು ಕಾರ್ಯಭದ್ರತೆಗೆ ಮುಖ್ಯಾಧಿಕಾರಿಯ ಹೆಸರಿನಲ್ಲಿ ಎಫ್‌ಡಿ ಇಡಬೇಕು. ಒಪ್ಪಂದದ ಮೊತ್ತ ಎರಡೂವರೆ ಲಕ್ಷ ದಾಟಿರುವುದರಿಂದ ಬಿಲ್ಲಿನಲ್ಲಿ ಶೇ 2 ಜಿಎಸ್‌ಟಿ ಟಿಡಿಎಸ್ ಕಡಿತ, ಅದರ ಜತೆಗೆ ಆದಾಯ ತೆರಿಗೆಯ ಶೇ 1. ಇವು ಹಿಂದಿರುಗಿ ಬರುವ ದುಡ್ಡೇ, ಆದರೆ ಅಂಗಡಿಯ ಕೈಲಿಲ್ಲದ ದುಡ್ಡು. ಎಲ್ಲಕ್ಕಿಂತ ದೊಡ್ಡದು ಕಾಯುವ ಖರ್ಚು. ಇವತ್ತು ತಂದ ತಾಮ್ರಕ್ಕೆ ಇವತ್ತೇ ದುಡ್ಡು ಕೊಡಬೇಕು, ಬಿಲ್ಲು ಆಗುವುದು ಯಾವಾಗಲೋ.

"ಎಷ್ಟು ತಿಂಗ್ಳು ಹಿಡೀಲಿ?" ಮಗಳು ಕೇಳುತ್ತಾಳೆ.

"ಹೋದೊರ್ಷದ ಬಿಲ್ಲು ನೋಡು. ಕೊಟ್ಟಿದ್ ಯಾವಾಗ, ಚೆಕ್ಕಾಗಿದ್ ಯಾವಾಗ."

ಆರ್‌ಟಿಐ ಕಾಗದದ ಎರಡನೇ ಉಪಯೋಗ ಇದು. ಹಿಂದಿನ ಗುತ್ತಿಗೆದಾರನಿಗೆ ನಾಲ್ಕು ತಿಂಗಳಾಗಿದೆ, ಒಂದು ಬಿಲ್ಲಿಗೆ ಏಳಾಗಿದೆ. ಮಗಳು ಆರು ತಿಂಗಳ ಬಡ್ಡಿಯನ್ನು, ಬ್ಯಾಂಕಿನ ಓಡಿ ದರದಲ್ಲಿ, ಪ್ರತಿ ಸಾಲಿಗೂ ಹಂಚುತ್ತಾಳೆ. ಒಟ್ಟು ಮೊತ್ತ ಅಂದಾಜಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಯಜಮಾನರು ಗಲ್ಲ ಕೆರೆದುಕೊಳ್ಳುತ್ತಾರೆ.

ಸರ್ಕಾರಿ ಕೆಲಸ ಹಿಡಿದು ಹಾಳಾದ ಸಣ್ಣ ಅಂಗಡಿಗಳನ್ನು ಹತ್ತಿರದಿಂದ ನೋಡಿದರೆ, ಕೆಲಸ ಗೊತ್ತಿಲ್ಲದೆ ಹಾಳಾದವು ಕಡಿಮೆ. ತಡವನ್ನು ರೇಟಿಗೆ ಸೇರಿಸದೆ, ಗೆದ್ದರೆ ಸಾಕು ಎಂದು ಬರೆದು ಹಾಳಾದವೇ ಹೆಚ್ಚು. ಹೆಚ್ಚು ಬರೆದು ಸೋತವನಿಗೆ ಹೋಗುವುದು ಒಂದು ಟೆಂಡರು, ಕಡಿಮೆ ಬರೆದು ಗೆದ್ದವನಿಗೆ ಅಂಗಡಿಯೇ ಹೋಗಬಹುದು. ಹಾಗಾಗಿ ಯಜಮಾನರು ಬಡ್ಡಿಯನ್ನು ತೆಗೆಸುವುದಿಲ್ಲ. ತಮ್ಮ ಲಾಭದಲ್ಲಿ ಸ್ವಲ್ಪ ಇಳಿಸುತ್ತಾರೆ. "ಬೇರೆಯೋನಿಗೆ ಮೋಟ್ರು ತುಮ್ಕೂರಿಗೆ ಹೊತ್ಕೊಂಡ್ ಹೋಗಿ ಬರ್ಬೇಕು. ನಂಗೆ ಆ ಬಾಡ್ಗೆ ಇಲ್ಲ. ಅಷ್ಟೇ ನಂದು ಲಾಭ."

ಡಿಎಸ್‌ಸಿ ಟೋಕನ್ನನ್ನು ಮಗಳು ಲ್ಯಾಪ್‌ಟಾಪಿಗೆ ಸಿಕ್ಕಿಸುತ್ತಾಳೆ. ನೋಡಲು ಪೆನ್‌ಡ್ರೈವ್, ಒಳಗಿರುವುದು ಯಜಮಾನರ ಡಿಜಿಟಲ್ ಸಹಿ. ಇಎಂಡಿ ಎರಡು ದಿನ ಮೊದಲೇ ಕಟ್ಟಿ ಆಗಿದೆ, ಪೋರ್ಟಲಿನಲ್ಲಿ ಜಮೆ ಎಂದು ತೋರಿಸುತ್ತಿದೆ. ಕಾಗದಗಳು ಒಂದೊಂದಾಗಿ ಏರುತ್ತವೆ, ಚಕ್ರ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಕೊನೇ ಗಂಟೆಯಲ್ಲಿ ಕೂತಿದ್ದರೆ ಈ ಚಕ್ರದ ಮುಂದೆ ಬೆವರಬೇಕಾಗಿತ್ತು. ರಾತ್ರಿ ಹನ್ನೊಂದರ ಸುಮಾರಿಗೆ ಸ್ವೀಕೃತಿ ಬರುತ್ತದೆ. ಅದನ್ನೂ ಪ್ರಿಂಟು ತೆಗೆಯುತ್ತಾಳೆ.

ಟೆಂಡರು ತೆರೆಯುವ ದಿನ ಪುರಸಭೆಗೆ ಹೋದರೆ ನಿಮಗೆ ನಿರಾಸೆಯೇ. ಜೂನಿಯರ್ ಇಂಜಿನಿಯರ್ (ಜೆಇ) ಕೋಣೆಯಲ್ಲಿ ಒಂದು ಕಂಪ್ಯೂಟರು, ಅದರ ಹಿಂದೆ ಆಪರೇಟರು, ಗೋಡೆಯ ಮೇಲೆ ಊರಿನ ನೀರಿನ ಪೈಪುಗಳ ಹಳೇ ನಕ್ಷೆ. ಮೂವರು ಹಾಕಿದ್ದಾರೆ. ಒಬ್ಬರ ಸಿಎ ಪ್ರಮಾಣಪತ್ರದಲ್ಲಿ ಯುಡಿಐಎನ್ ಇಲ್ಲ, ತಾಂತ್ರಿಕ ಹಂತದಲ್ಲೇ ಹೊರಗೆ. ಇನ್ನೊಬ್ಬರು ತುಮಕೂರಿನ ಏಜೆನ್ಸಿ. ಅವರ ಕಡೆಯವನು ಮೇಜಿನ ಮೇಲೆ ಕೈಯಿಟ್ಟು, "ಸಾರ್, ಪಂಚಾಯ್ತಿ ಮೋಟ್ರು ಕಟ್ಟಿದ್ದೆಲ್ಲ ಅನುಭವಾನಾ? ಇದು ಪುರಸಭೆ," ಎನ್ನುತ್ತಾನೆ. ಯಜಮಾನರು ಮಾತಾಡುವುದಿಲ್ಲ. ಪ್ಲಾಸ್ಟಿಕ್ ಕವರಿನಿಂದ ಆ ಒಂದು ಸಾಲಿನ ಉತ್ತರ ತೆಗೆದು ಜೆಇ ಮುಂದೆ ಇಡುತ್ತಾರೆ. ಜೆಇ ಅದರ ಕೆಳಗಿನ ಸಹಿ ನೋಡಿ, ಪಕ್ಕಕ್ಕಿಟ್ಟು, ಮುಂದಿನ ಫೈಲು ತೆರೆಯಲು ಹೇಳುತ್ತಾರೆ. ತಾಂತ್ರಿಕ ವರದಿಗೆ ಮೇಲಿನವರ ಸಹಿ ಬಿದ್ದ ಮೇಲೆ, ಇನ್ನೊಂದು ದಿನ, ದರದ ಕವರು ತೆರೆಯುತ್ತದೆ. ಅಂಗಡಿಯ ಹೆಸರಿನ ಮುಂದೆ ಎಲ್1, ಅಂದರೆ ಕನಿಷ್ಠ ರೇಟು.

ಸೋತವನಿಗೆ ಕೆಟಿಪಿಪಿ ಕಾಯ್ದೆಯ 16ನೇ ಕಲಮಿನಲ್ಲಿ ಮೇಲ್ಮನವಿಗೆ 30 ದಿನ ಇದೆ. ಯಾರೂ ಹೋಗುವುದಿಲ್ಲ. ಸ್ವೀಕೃತಿ ಪತ್ರ, ಎಫ್‌ಡಿ, ಛಾಪಾ ಕಾಗದದ ಕರಾರು, ಕಾರ್ಯಾದೇಶ, ಇವೆಲ್ಲ ಬೇಗ ಬೇಗ ಆಗುತ್ತವೆ. ಬೇಸಿಗೆ ಬರುತ್ತಿದೆ, ಕಚೇರಿಗೂ ಅವಸರ.

ಏಪ್ರಿಲ್ಲಿನ ಒಂದು ರಾತ್ರಿ ಒಂಬತ್ತೂವರೆ. ನೀವು ಈಗ ಊರಾಚೆಯ ಬೋರಿನ ಬಳಿ, ಪಿಕಪ್ ಗಾಡಿಯ ಹೆಡ್‌ಲೈಟಿನ ಬೆಳಕಿನಲ್ಲಿ ನಿಂತಿದ್ದೀರಿ. ನೀರುಗಂಟಿ ಸಂಜೆ ಸ್ವಿಚ್ಚು ಹಾಕಿದಾಗ ಸ್ಟಾರ್ಟರು ಟ್ರಿಪ್ಪಾಯಿತಂತೆ. ಮೆಗ್ಗರ್ ಹಿಡಿದು ನೋಡಿದರೆ ಮೋಟಾರು ಹೋಗಿದೆ. 48 ಗಂಟೆಯೊಳಗೆ ನೀರು ಬರದಿದ್ದರೆ ದಂಡ ಎಂಬುದು ಕರಾರಿನಲ್ಲಿದೆ. ವಾರ್ಡ್ ಮೆಂಬರಿನ ಕರಾರಿನಲ್ಲಿ ಅಷ್ಟು ಸಮಯ ಇಲ್ಲ. "ಬೆಳಿಗ್ಗೆ ಹೆಂಗಸ್ರು ಕೊಡ ತಗಂಡ್ ನನ್ ಮನೆ ಮುಂದೆ ಬತ್ತಾರೆ ಕಣ್ರೀ!" ಎಂದು ಫೋನಿನಲ್ಲಿ ಕೂಗಾಡುತ್ತಿದ್ದಾರೆ.

ಚೈನ್ ಬ್ಲಾಕು ಕಿರುಗುಟ್ಟುತ್ತದೆ. ಒಂದು ಪೈಪು ಮೇಲೆ ಬರುತ್ತದೆ, ಕ್ಲ್ಯಾಂಪು ಕಚ್ಚಿಸುತ್ತಾರೆ, ಬಿಚ್ಚುತ್ತಾರೆ, ಪಕ್ಕಕ್ಕೆ ಮಲಗಿಸುತ್ತಾರೆ. 20 ಅಡಿಯ ಪೈಪುಗಳು, 800 ಅಡಿ ಆಳ, ಒಟ್ಟು 40 ಪೈಪು. ಕೇಬಲ್ಲನ್ನು ಹುಡುಗ ತೋಳಿಗೆ ಸುತ್ತಿಕೊಳ್ಳುತ್ತಾ ಹೋಗುತ್ತಾನೆ. ನಡುರಾತ್ರಿ ದಾಟಿದ ಮೇಲೆ ಮೋಟಾರು ತಲೆ ಎತ್ತುತ್ತದೆ. ಯಜಮಾನರು ಅಂಗಡಿಯಿಂದ ತಂದ ಸ್ಪೇರ್ ಮೋಟಾರನ್ನು ಇಳಿಸಲು ಹೇಳುತ್ತಾರೆ. ಆ ಸ್ಪೇರನ್ನು ಇಟ್ಟುಕೊಳ್ಳಲೇಬೇಕೆಂದು ಟೆಂಡರಿನಲ್ಲಿ ಎಲ್ಲೂ ಇಲ್ಲ. ರೇಟಿನಲ್ಲಿ ಮಾತ್ರ ಅದರ ಬಾಡಿಗೆ ಅಡಗಿದೆ.

ಕೆಲಸದ ನಡುವೆ ಅವರು ಇನ್ನೊಂದು ಕೆಲಸ ಮಾಡುತ್ತಲೇ ಇದ್ದಾರೆ, ಗಮನಿಸಿದಿರಾ? ಸುಟ್ಟ ಮೋಟಾರಿನ ನಂಬರ್ ಪ್ಲೇಟಿಗೆ ಬೆಳಕು ಹಿಡಿಸಿ ಫೋಟೋ, ಜಾಗದ ಗುರುತು ಮತ್ತು ಸಮಯ ಬೀಳುವ ಹಾಗೆ. ಮಲಗಿಸಿದ ಪೈಪುಗಳ ಸಾಲಿನ ಫೋಟೋ, ಎಣಿಸಲು ಬರುವ ಹಾಗೆ. ನೀರುಗಂಟಿಯ ಕೈಗೆ ಒಂದು ರೂಲ್ಡ್ ಪುಸ್ತಕ: ಬೋರಿನ ಹೆಸರು, ಎಚ್‌ಪಿ, ಪೈಪು ಎಷ್ಟು, ಯಾವಾಗ ಎತ್ತಿದ್ದು, ಯಾವಾಗ ನೀರು ಬಂದದ್ದು, ಅವನ ಸಹಿ. ಸುಟ್ಟ ವೈರು ಮುಂದಿನ ವಾರ ತೂಕವಾಗಿ ಉಗ್ರಾಣಕ್ಕೆ ಹೋಗುತ್ತದೆ, ತೂಕದ ಚೀಟಿಗೂ ಸಹಿ. ಜೆಇ ನಡುರಾತ್ರಿ ಬೋರಿನ ಹತ್ತಿರ ಬರುವುದಿಲ್ಲ, ಬರಲಿ ಎಂದು ಬಯಸುವುದೂ ತಪ್ಪು. ಅವರು ಅಳತೆ ಪುಸ್ತಕ ಬರೆಯುವಾಗ ಮುಂದಿಡಲು ಏನಾದರೂ ಬೇಕಲ್ಲ.

ಬಿಲ್ಲಿನ ದಾರಿ ಗೊತ್ತಿರುವವರಿಗೆ ಗೊತ್ತು. ಜೆಇ ಆ ಅಳತೆ ಪುಸ್ತಕ (ಎಂ-ಬುಕ್ಕು) ಬರೆಯಬೇಕು, ಮೇಲಿನ ಇಂಜಿನಿಯರು ಪರಿಶೀಲಿಸಬೇಕು, ಅಕೌಂಟ್ಸ್ ವಿಭಾಗ ಯಾವ ಹೆಡ್ಡಿನಲ್ಲಿ ದುಡ್ಡಿದೆ ಎಂದು ನೋಡಬೇಕು, ಮುಖ್ಯಾಧಿಕಾರಿ ಸಹಿ ಹಾಕಬೇಕು. ಕೇಂದ್ರ ಹಣಕಾಸು ಆಯೋಗದ ಅನುದಾನವೋ ರಾಜ್ಯ ಹಣಕಾಸು ಆಯೋಗದ್ದೋ, ಬಂದಿದ್ದರೆ ಸರಿ, ಬಾರದಿದ್ದರೆ ಫೈಲು ಕೂರುತ್ತದೆ. ಒಂದೊಂದು ಮೇಜಿನ ಮೇಲೂ ಕೂರುತ್ತದೆ. ಯಾಕೆ ಕೂರುತ್ತದೆ ಎಂಬುದಕ್ಕೆ ಅಂಗಡಿಗಳಲ್ಲಿ ಆಡುವ ಮಾತು ಬೇರೆ ಇದೆ. 2021ರಲ್ಲಿ ರಾಜ್ಯ ಗುತ್ತಿಗೆದಾರರ ಸಂಘವೇ ಪ್ರಧಾನಿಗೆ ಪತ್ರ ಬರೆದು, ಕಾಮಗಾರಿಗಳಲ್ಲಿ ಶೇ 40ರಷ್ಟು ಕಮಿಷನ್ ಹೋಗುತ್ತದೆಂದು ದೂರಿತು. ಆ ಮಾತು ಬಂದಾಗ ಅಂಗಡಿಯ ಹುಡುಗ ನಗುತ್ತಾನೆ, ಯಜಮಾನರು ನಗುವುದಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಟ್ಟವನಿಗೆ ಮಾತ್ರ ರಕ್ಷಣೆ. ಮಗಳು ಇದನ್ನು ಓದಿ ಹೇಳಿದ್ದಾಳೆ. ಕಾಗದ ಪಕ್ಕಾ ಇಟ್ಟವನ ಫೈಲಿನಲ್ಲಿ ಕೊಕ್ಕೆ ಹಾಕಲು ಜಾಗ ಕಡಿಮೆ ಎಂಬುದಷ್ಟೇ ಯಜಮಾನರ ನಂಬಿಕೆ. ಎಲ್ಲ ಕಡೆಯೂ ಅದು ನಡೆಯುತ್ತದೆಂದು ನಾನು ಹೇಳಲಾರೆ.

ಬಿಲ್ಲು ಕೊಡುವ ದಿನ ಅವರು ಟಪಾಲು ವಿಭಾಗದಲ್ಲಿ ನಿಂತು ತಮ್ಮ ಪ್ರತಿಯ ಮೇಲೆ ಇನ್‌ವರ್ಡ್ ಸೀಲು, ತಾರೀಕು ಹಾಕಿಸಿಕೊಳ್ಳುತ್ತಾರೆ. ಬಿಲ್ಲಿನ ತಲೆಯ ಮೇಲೆ ಉದ್ಯಮ್ ನೋಂದಣಿ ಸಂಖ್ಯೆ ಇದೆ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಆನ್‌ಲೈನಿನಲ್ಲಿ ದೂರು ಹಾಕಬಹುದು. "ಹಾಕ್ತೀರಾ?" ಎಂದು ನೀವು ಕೇಳುತ್ತೀರಿ.

"ನಾಳೆ ಇದೇ ಆಫೀಸಿಗೆ ಬರ್ಬೇಕಲ್ಲ ಸಾರ್. ಹಾಕಲ್ಲ. ಹಾಕ್‌ಬೋದು ಅಂತ ಅವ್ರಿಗೆ ಗೊತ್ತಿರ್ಲಿ, ಸಾಕು."

ಐದನೇ ತಿಂಗಳಲ್ಲಿ ಮೊದಲ ಬಿಲ್ಲು ಖಾತೆಗೆ ಬೀಳುತ್ತದೆ, ಕಡಿತಗಳನ್ನೆಲ್ಲ ಕಳೆದು. ಆರು ತಿಂಗಳ ಬಡ್ಡಿ ಹಿಡಿದಿದ್ದರಲ್ಲ, ಒಂದು ತಿಂಗಳು ಉಳಿಯಿತು. ವರ್ಷ ಮುಗಿಯುವಷ್ಟರಲ್ಲಿ ಇಪ್ಪತ್ತು ಎಚ್‌ಪಿಯವು ಎರಡು ಸುಟ್ಟವು, ಅಸಲಿಗೆ ಆದವು. ಎತ್ತಿ ಇಳಿಸುವ ಕೆಲಸ ಮತ್ತೆ ಅಂದಾಜು ಮೀರಿತು.

ಎಲ್ಲ ಬಿಲ್ಲುಗಳೂ ಆದ ಮೇಲೆ ಒಂದು ಮಧ್ಯಾಹ್ನ ಯಜಮಾನರು ಪ್ರಥಮ ದರ್ಜೆ ಸಹಾಯಕಿಯ (ಎಫ್‌ಡಿಎ) ಮೇಜಿನ ಮುಂದೆ ಕೂತಿದ್ದಾರೆ. ಬಂದಿರುವುದು ಕಾರ್ಯಾನುಭವ ಪ್ರಮಾಣಪತ್ರಕ್ಕೆ. ನೆರೆಯ ನಗರಸಭೆಯೊಂದು ಇದೇ ಕೆಲಸಕ್ಕೆ ಇನ್ನೂ ದೊಡ್ಡ ಮೊತ್ತದ ಟೆಂಡರು ಕರೆಯುವ ಸುದ್ದಿ ಇದೆ. ಅಲ್ಲಿ ಪಿಡಿಒ ಕಾಗದ ಸಾಲುವುದಿಲ್ಲ. ಎಫ್‌ಡಿಎ ಮೇಡಂ ಹಳೇ ನಮೂನೆ ತೆಗೆದು, ಹೆಸರು ಬದಲಾಯಿಸಿ, ಪ್ರಿಂಟು ಕೊಡುತ್ತಾರೆ. ಸದರಿಯವರು ಮೋಟಾರು ದುರಸ್ತಿ ಕೆಲಸವನ್ನು ತೃಪ್ತಿಕರವಾಗಿ ನಿರ್ವಹಿಸಿರುತ್ತಾರೆ ಎಂದಿದೆ.

ಯಜಮಾನರು ಹಣೆಯ ಮೇಲಿದ್ದ ಕನ್ನಡಕ ಇಳಿಸಿ ಓದುತ್ತಾರೆ.

"ಮೇಡಂ, ಎತ್ತಿ ಇಳಿಸುವ ಅನ್ನೋದು ಬರ್ಬೇಕು. ಕಾರ್ಯಾದೇಶದಾಗೆ ಹೆಂಗಿದೆಯೋ ಹಂಗೇ."

"ಅದೂ ದುರಸ್ತೀನೇ ಅಲ್ವೇನ್ರಿ?"

"ನಿಮ್ಗೆ ಗೊತ್ತು, ನಂಗೆ ಗೊತ್ತು. ನಗರಸಭೆಯೋರು ಇದೇ ಬಗೆಯ ಕೆಲಸ ಅಂತ ಕೇಳ್ತಾರೆ. ಆಮೇಲೆ ಮೊತ್ತ. ಟೆಂಡರಿನ ಮೊತ್ತ ಒಂದು, ಮಾಡಿದ ಕೆಲಸದ ಮೊತ್ತ ಒಂದು. ಎರಡೂ ಹಾಕಿ. ಕರಾರಿನ ನಂಬರು, ತಾರೀಕು."

ಮೇಡಂ ನಿಟ್ಟುಸಿರು ಬಿಟ್ಟು ಕೀಬೋರ್ಡು ಎಳೆದುಕೊಳ್ಳುತ್ತಾರೆ. ಫೈಲು ತರಿಸುತ್ತಾರೆ. ಒಂದೊಂದೇ ಅಂಕಿ ಟೈಪಾಗುತ್ತದೆ.

"ಇನ್ನೇನಾದ್ರೂ ಇದ್ಯಾ ಯಜಮಾನ್ರೆ? ಸಾಹೇಬ್ರು ಮೂರು ಗಂಟೆಗೆ ಮೀಟಿಂಗ್‌ಗೆ ಹೋಗ್ತಾರೆ."

"ವರ್ಷ ನೋಡಿ ಮೇಡಂ. 2024-25 ಅಂತ ಐತೆ, ಸರಿ. ಕೊನೇ ಬಿಲ್ಲು ಆಗಿರೋದು 2025-26ರಲ್ಲಿ. ಅದನ್ನೂ ಒಂದ್ ಸಾಲು ಸೇರ್ಸ್‌ಬುಡಿ."